ಗಡಿಸೀಮೆಯ ಗಣಕ ವಾದಗಳು: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ

ಗಣಕ, ಮೊಬೈಲು, ತಂತ್ರಾಂಶ ತಯಾರಿಸುವ ಕಂಪನಿಗಳ ಹೆಸರಿನಲ್ಲಿ ಬಳಕೆದಾರರು ಪಕ್ಷ ಕಟ್ಟಿ ವಾದಿಸುವುದು ಎಲ್ಲ ದೇಶಗಳಲ್ಲೂ ಉಂಟು. ಬೆಳಗಾವಿ ಜಿಲ್ಲೆಯ ಉತ್ತರ ಮತ್ತು ವಾಯವ್ಯ ಅಂಚಿನ ಐದು ತಾಲ್ಲೂಕುಗಳಲ್ಲಿ, ಅಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡಗಳಲ್ಲಿ, ಈ ವಾದಕ್ಕೆ ಲಿಪಿಯ ಪ್ರಶ್ನೆ ಸೇರಿಕೊಂಡು ಅದರ ತೂಕ ಹೆಚ್ಚಿದೆ. 1956ಕ್ಕೆ ಮುಂಚೆ ಮುಂಬಯಿ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತು, ಎರಡೂ ಪೇಟೆಮಾತು. ಯಾವ ಕಂಪನಿಯ ಯಂತ್ರ ಛಲೋ ಎಂದು ಶುರುವಾದ ಮಾತು ಇಲ್ಲಿ ಬೇಗನೆ ಬೇರೆ ಎರಡು ಪ್ರಶ್ನೆಗಳಿಗೆ ತಿರುಗುತ್ತದೆ: ಎರಡು ಲಿಪಿಯನ್ನೂ ಅದು ತಪ್ಪಿಲ್ಲದೆ ಬರೆಯುತ್ತದೆಯೆ? ಬರೆದದ್ದು ಇನ್ನೊಬ್ಬರ ಯಂತ್ರದಲ್ಲಿ ತೆರೆದುಕೊಳ್ಳುತ್ತದೆಯೆ?

ಅಮೆರಿಕದಲ್ಲಿ ಇಂಥ ವಾದದ ಹಳೆಯ ಎರಡು ಪಕ್ಷಗಳು ಆ್ಯಪಲ್ ಮತ್ತು ಮೈಕ್ರೋಸಾಫ್ಟ್‌ನವು. ಪರದೆಯ ಮೇಲಿನ ಕಿಟಕಿಗಳನ್ನೂ ಚಿತ್ರಗಳನ್ನೂ ನಕಲು ಮಾಡಲಾಗಿದೆ ಎಂದು ಆ್ಯಪಲ್ 1988ರಲ್ಲಿ ಹೂಡಿದ ಮೊಕದ್ದಮೆ 1994ರ ಮೇಲ್ಮನವಿ ತೀರ್ಪಿನಲ್ಲಿ ಬಿದ್ದುಹೋಯಿತು. ಅಭಿಮಾನಿಗಳ ಜಗಳ ಮಾತ್ರ ಮುಂದುವರಿಯಿತು. ಕನ್ನಡದಲ್ಲಿ ಅದೇ ಕಾವಿನ ವಾದ ನಡೆದದ್ದು ಬರೆಯುವ ತಂತ್ರಾಂಶಗಳ ಸುತ್ತ: ಶ್ರೀಲಿಪಿಯೊ ಆಕೃತಿಯೊ, ಬರಹವೊ ನುಡಿಯೊ, ಕಗಪ ಕೀಲಿಮಣೆಯೊ ಇನ್‌ಸ್ಕ್ರಿಪ್ಟೊ. ಗಡಿಸೀಮೆಯವರು ಈ ವಾದವನ್ನು ಬೆಂಗಳೂರಿನ ಕಡೆಯಿಂದಲೂ ಪುಣೆಯ ಕಡೆಯಿಂದಲೂ ಕೇಳಿಸಿಕೊಂಡರು.

ದೂರ, ಪೇಟೆ, ರೇಂಜು

ನಿಪ್ಪಾಣಿಯಿಂದ ಬೆಂಗಳೂರಿಗೆ ಇರುವ ದೂರದ ಅರ್ಧಕ್ಕೂ ಕಡಿಮೆ ಹಾದಿಯಲ್ಲಿ ಪುಣೆ ಇದೆ. ಕೊಲ್ಲಾಪುರವಂತೂ ಸುಮಾರು 40 ಕಿ.ಮೀ.; ಕೊಗನೊಳ್ಳಿ ದಾಟಿದರೆ ಮಹಾರಾಷ್ಟ್ರ. ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜ, ಸಾಂಗ್ಲಿ ಹತ್ತಿರ. ತಂಬಾಕಿನ ವ್ಯಾಪಾರದ ನಿಪ್ಪಾಣಿ, ಚಪ್ಪಲಿಗೆ ಹೆಸರಾದ ಅಥಣಿ, ಕೃಷ್ಣೆಯ ದಡದುದ್ದಕ್ಕೂ ಸಕ್ಕರೆ ಕಾರ್ಖಾನೆಗಳಿರುವ ಉಳಿದ ಊರುಗಳು, ಎಲ್ಲವಕ್ಕೂ ಆಚೆಯ ಪೇಟೆಯೊಂದಿಗೆ ದಿನನಿತ್ಯದ ಕೊಡುಕೊಳೆ ಇದೆ. ಹೊಸ ಸೆಟ್ಟು ಕೊಳ್ಳುವುದಕ್ಕೂ ಕೆಟ್ಟದ್ದನ್ನು ದುರಸ್ತಿಗೆ ಹಾಕುವುದಕ್ಕೂ ಕೊಲ್ಲಾಪುರಕ್ಕೊ ಮಿರಜಿಗೊ ಹೋಗಿಬರುವವರ ನಾಡಿನಲ್ಲಿ ಕಂಪನಿಯ ಗುಣ ತೂಗುವಾಗ ಅದರ ಸರ್ವಿಸ್ ಸೆಂಟರ್ ಗಡಿಯ ಯಾವ ಕಡೆ ಇದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮೊಬೈಲ್ ಬಂದ ಮೇಲೆ ವಾದಕ್ಕೆ ಸಿಕ್ಕ ಮೊದಲ ದೊಡ್ಡ ವಸ್ತು ರೋಮಿಂಗ್. ದೂರಸಂಪರ್ಕದ ನಕಾಶೆಯಲ್ಲಿ ಕರ್ನಾಟಕ ಒಂದು ಸರ್ಕಲ್, ಮುಂಬಯಿಯನ್ನು ಬಿಟ್ಟ ಮಹಾರಾಷ್ಟ್ರ ಮತ್ತು ಗೋವಾ ಕೂಡಿ ಇನ್ನೊಂದು. ಗೋಪುರದ ಸಂಕೇತ ಗಡಿಕಲ್ಲು ನೋಡಿ ನಿಲ್ಲುವುದಿಲ್ಲ. ತನ್ನ ಸರ್ಕಲ್ಲಿನ ಸಂಕೇತ ಸೊರಗಿದ ಕಡೆ ಫೋನು ಆಚೆಯದನ್ನು ಹಿಡಿಯುತ್ತದೆ, ಹಿಡಿದೊಡನೆ ಬಂದ ಕರೆಗೂ ದುಡ್ಡು ಬೀಳುತ್ತಿತ್ತು. ಸ್ವಂತ ಹೊಲದಲ್ಲಿ ನಿಂತವನೂ ಪರರಾಜ್ಯದಲ್ಲಿರುವವನಾಗುತ್ತಿದ್ದ. ಹೀಗಾಗಿ ಗಡಿ ಹಳ್ಳಿಗಳಲ್ಲಿ ಕಂಪನಿಯ ಹೆಸರಿಗಿಂತ ಅದರ ಗೋಪುರ ಎಲ್ಲಿದೆ ಎಂಬುದೇ ಮುಖ್ಯವಾಗಿತ್ತು, ಎರಡು ರಾಜ್ಯದ ಎರಡು ಸಿಮ್ ಹಾಕಲು ಬರುವ ಸೆಟ್ಟಿಗೆ ಇಲ್ಲಿ ನಿಜವಾದ ಅಗತ್ಯವಿತ್ತು. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ರೋಮಿಂಗ್‌ನಲ್ಲಿ ಬರುವ ಕರೆಯನ್ನು ಉಚಿತ ಮಾಡಿತು. ಅದೇ ವರ್ಷ ಜುಲೈ 3ರಿಂದ ಸಂಖ್ಯೆ ಬದಲಿಸದೆ ಬೇರೆ ಸರ್ಕಲ್ಲಿಗೆ ಹೋಗುವ ಅವಕಾಶ ದೇಶವಿಡೀ ಸಿಕ್ಕಿತು. 2016ರ ಸೆಪ್ಟೆಂಬರ್ 5ರಂದು ರೋಮಿಂಗ್ ದರವಿಲ್ಲದೆ ಜಿಯೊ ಬಂತು. 2017ರ ಏಪ್ರಿಲ್‌ನಿಂದ ಏರ್‌ಟೆಲ್ ದೇಶದೊಳಗಿನ ರೋಮಿಂಗ್ ದರ ತೆಗೆದುಹಾಕಿತು. ದೊಡ್ಡ ನಗರದವರಿಗೆ ಇವು ಪತ್ರಿಕೆಯ ಒಳಪುಟದ ಸುದ್ದಿ. ಮಾಂಗೂರು, ಬೋರಗಾಂವ, ಉಗಾರದ ಕಡೆಯವರಿಗೆ ದಿನದ ಖರ್ಚು ಇಳಿಸಿದ ನಿರ್ಧಾರಗಳು.

ಪುಣೆಯ ಅಕ್ಷರ, ಬೆಂಗಳೂರಿನ ಅಕ್ಷರ

ಭಾರತೀಯ ಲಿಪಿಗಳನ್ನು ಗಣಕಕ್ಕೆ ತರುವ ಸರ್ಕಾರಿ ಪ್ರಯತ್ನಕ್ಕೆ ಎರಡು ಕಾಲುಗಳಿದ್ದವು. ಒಂದು, 1986ರಲ್ಲಿ ಕೇಂದ್ರದ ಇಲೆಕ್ಟ್ರಾನಿಕ್ಸ್ ಇಲಾಖೆ ಗೊತ್ತುಮಾಡಿದ ಇನ್‌ಸ್ಕ್ರಿಪ್ಟ್ ಕೀಲಿಮಣೆ. ಇನ್ನೊಂದು, 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಒಪ್ಪಿದ ಇಸ್ಕಿ ಸಂಕೇತವ್ಯವಸ್ಥೆ. 1988ರಲ್ಲಿ ಪುಣೆಯಲ್ಲಿ ಆರಂಭವಾದ ಸಿ-ಡ್ಯಾಕ್ ಇವೆರಡನ್ನೂ ಬಳಸಿ ಭಾರತೀಯ ಲಿಪಿ ಬರೆಸುವ ಜಿಸ್ಟ್ ಕಾರ್ಡು, ಐಎಸ್‌ಎಂ ತಂತ್ರಾಂಶ ಮೊದಲಾದವನ್ನು ಹೊರತಂದಿತು. ಇನ್‌ಸ್ಕ್ರಿಪ್ಟ್‌ನ ತರ್ಕ ಸರಳ: ಎಡಗೈಗೆ ಸ್ವರ, ಬಲಗೈಗೆ ವ್ಯಂಜನ, ಎಲ್ಲ ಭಾರತೀಯ ಲಿಪಿಗೂ ಒಂದೇ ಜಾಗ. ಕನ್ನಡದ ಕ ಇರುವ ಕೀಲಿಯಲ್ಲೇ ದೇವನಾಗರಿಯ ಕ ಇದೆ, ಕನ್ನಡದ ಳ ಇರುವ ಕಡೆಯೇ ಮರಾಠಿಯ ಳ ಇದೆ. ಮರಾಠಿಯಲ್ಲಿಲ್ಲದ ಹ್ರಸ್ವ ಎ, ಒ ಮಾತ್ರ ಹೆಚ್ಚಿಗೆ ಕಲಿಯಬೇಕು. ಕೀಲಿಮಣೆಗಳ ಬಗ್ಗೆ ಕನ್ನಡದಲ್ಲಿ ನಡೆದ ವಾದದಲ್ಲಿ ಈ ಗುಣಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಗಲೇ ಇಲ್ಲ. ಒಂದು ಸಲ ಬೆರಳು ಪಳಗಿದರೆ ಎರಡು ಭಾಷೆ ಬರೆಯಬಹುದಾದ ಈ ಕೀಲಿಮಣೆಯಿಂದ ಅತಿ ಹೆಚ್ಚು ಲಾಭ ಪಡೆಯಬಹುದಾಗಿದ್ದವರು ನಿಪ್ಪಾಣಿ, ಚಿಕ್ಕೋಡಿಯ ಬೆರಳಚ್ಚುಗಾರರು.

ಕನ್ನಡದಲ್ಲಿ ಗೆದ್ದದ್ದು ಬೇರೆಯ ಕೀಲಿಮಣೆ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಾಟಾ ಪ್ರೆಸ್, ಮೊನೊಟೈಪ್ ಸಂಸ್ಥೆಗಳಲ್ಲಿ ಅಕ್ಷರ ಜೋಡಣೆಯ ಕೆಲಸ ಕಂಡವರು. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳೊಳಗೇ ಕನ್ನಡವನ್ನು ಉಚ್ಚಾರಕ್ಕೆ ತಕ್ಕಂತೆ ಕೂಡಿಸಿದ ವಿನ್ಯಾಸ ಅವರದು. ಕೆ ಒತ್ತಿದರೆ ಕ, ಶಿಫ್ಟ್ ಜತೆ ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ. ಕ, ಎಫ್, ತ ಒತ್ತಿದರೆ ಕ್ತ ಮೂಡುತ್ತದೆ. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟ ತಮ್ಮ ತಂತ್ರಾಂಶವನ್ನೂ ಈ ವಿನ್ಯಾಸವನ್ನೂ ರಾವ್ ಉಚಿತವಾಗಿ ಕೊಟ್ಟುಬಿಟ್ಟರು. ಮುಂದೆ ಸಣ್ಣ ಬದಲಾವಣೆಗಳೊಂದಿಗೆ ಅದೇ ರಾಜ್ಯ ಸರ್ಕಾರದ ಅಧಿಕೃತ ಕೀಲಿಮಣೆಯಾಯಿತು. ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಜನ ಅದನ್ನು ಕಗಪ ಎಂದು ಕರೆಯುತ್ತಾರೆ. ಪರಸ್ಪರ ಸೆಣಸಿದ ತಂತ್ರಾಂಶಗಳಲ್ಲಿ ಹಲವು ಒಬ್ಬರೇ ವ್ಯಕ್ತಿಯ ಈ ಕೊಡುಗೆಯ ಮೇಲೆ ನಿಂತಿದ್ದವು. ಕನ್ನಡ ಗಣಕದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಔದಾರ್ಯ ಇನ್ನೊಂದಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2013ರಲ್ಲಿ ಅವರಿಗೆ ನಾಡೋಜ ಗೌರವ ನೀಡಿತು.

ತೊಂಬತ್ತರ ದಶಕದಲ್ಲಿ ಡಿಟಿಪಿ ಅಂಗಡಿಗಳು ಸಣ್ಣ ಪಟ್ಟಣಗಳಿಗೂ ಬಂದಾಗ ಪೇಟೆಯಲ್ಲಿ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳ ಪೈಪೋಟಿ ಇತ್ತು. ಪುಣೆಯ ಮಾಡ್ಯುಲರ್ ಇನ್ಫೊಟೆಕ್‌ನ ಶ್ರೀಲಿಪಿ ಒಂದು ಕಡೆ. ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ, ಸೊನಾಟಾದ ಪ್ರಕಾಶಕ್, ಆ್ಯಪಲ್‌ಸಾಫ್ಟ್‌ನ ಸುರಭಿ ಮತ್ತೊಂದು ಕಡೆ. ಗಣಕಕ್ಕೆ ಸಿಕ್ಕಿಸುವ ಲಾಕ್ ಇಲ್ಲದೆ ಶ್ರೀಲಿಪಿ ನಡೆಯುತ್ತಿರಲಿಲ್ಲ. ಆದರೂ ಮರಾಠಿ, ಕನ್ನಡ ಎರಡಕ್ಕೂ ಅದರಲ್ಲಿ ಬಗೆಬಗೆಯ ಅಕ್ಷರಶೈಲಿಗಳಿದ್ದವು. ಒಂದೇ ಲಗ್ನಪತ್ರಿಕೆಯಲ್ಲಿ ಬೀಗರಿಗೆ ಮರಾಠಿ, ಬಳಗಕ್ಕೆ ಕನ್ನಡ ಅಚ್ಚು ಹಾಕಬೇಕಾದ ಸೀಮೆಯಲ್ಲಿ ಇದು ಸಣ್ಣ ಅನುಕೂಲವಲ್ಲ.

ಈ ಎಲ್ಲ ತಂತ್ರಾಂಶಗಳಿಗೂ ಒಂದು ರೋಗ ಸಮಾನವಾಗಿತ್ತು. ಗಣಕ ಇಂಗ್ಲಿಷಿಗೆಂದು ಮೀಸಲಿಟ್ಟ ಸಂಕೇತಗಳ ಜಾಗದಲ್ಲಿ ಪ್ರತಿ ಕಂಪನಿಯೂ ಕನ್ನಡ ಅಕ್ಷರದ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು, ತನಗೆ ತೋಚಿದ ಕ್ರಮದಲ್ಲಿ ಕೂರಿಸಿತ್ತು. ಒಂದು ಕಂಪನಿಯ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಆ ಕಡತ ತೆರೆದರೆ ಕಾಣುವುದು ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಗೊಂದಲ. ಚಿಕ್ಕೋಡಿಯಲ್ಲಿ ಒಂದರಲ್ಲಿ ಬೆರಳಚ್ಚು ಮಾಡಿದ್ದು ಅಥಣಿಯಲ್ಲಿ ಇನ್ನೊಂದು ಇಟ್ಟುಕೊಂಡವರಿಗೆ ಓದಲು ಬಾರದು. ಕಂಪನಿ ಬದಲಿಸುವುದೆಂದರೆ ಹಳೆಯ ಕೆಲಸವನ್ನೆಲ್ಲ ಮತ್ತೆ ಕುಟ್ಟುವುದೇ. ಮುದ್ರಕರು ತಮ್ಮ ತಂತ್ರಾಂಶದ ಪರ ಅಷ್ಟು ಬಿಗಿಯಾಗಿ ವಾದಿಸುತ್ತಿದ್ದುದಕ್ಕೆ ಅಭಿಮಾನದ ಜತೆಗೆ ಈ ಬಂಧನವೂ ಕಾರಣ.

ಬರಹ ಮತ್ತು ನುಡಿ

1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಬರಹ ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಕುಟ್ಟಿದರೆ ಕನ್ನಡ ಮೂಡುತ್ತಿತ್ತು. ಹೊರನಾಡ ಕನ್ನಡಿಗರು ಪತ್ರ ಬರೆಯಲು ಅದನ್ನೇ ಹಿಡಿದರು. ಕೆಲವು ವರ್ಷಗಳಲ್ಲಿ ರಾಜ್ಯ ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ನುಡಿಯನ್ನು ಹೊರತಂದಿತು. ಅದೂ ಉಚಿತ. ಸರ್ಕಾರದ ಮಾನಕವನ್ನು ಪಾಲಿಸಿದ ಕಾರಣ ಕಚೇರಿಗಳಲ್ಲಿ ನುಡಿಯೇ ನೆಲೆಸಿತು. ನುಡಿಯ ಅಕ್ಷರಶೈಲಿಗಳು ತಮ್ಮದರಿಂದ ಬಂದವೆಂದು ಬರಹದ ಕರ್ತೃ ಆಕ್ಷೇಪ ಎತ್ತಿದ ಮೇಲೆ ಎರಡೂ ಕಡೆ ಪಕ್ಷಗಳು ಗಟ್ಟಿಯಾದವು. ಮನೆಯಲ್ಲಿ ಕೂತು ಒಬ್ಬರೇ ಮಾಡಿದ ಕೆಲಸ ದೊಡ್ಡದೊ, ಸರ್ಕಾರದ ಹಣದಿಂದ ಎಲ್ಲರಿಗಾಗಿ ಮಾಡಿದ್ದು ದೊಡ್ಡದೊ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಪೂರ್ಣಚಂದ್ರ ತೇಜಸ್ವಿಯಂಥ ಲೇಖಕರೂ ಕನ್ನಡ ತಂತ್ರಾಂಶದ ವಿಷಯದಲ್ಲಿ ಖಾರವಾಗಿ ಮಾತಾಡಿದರು. ಹಂಪಿ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶಕ್ಕೆ ಅವರ ಒತ್ತಾಸೆ ಇತ್ತು.

ಈ ಜಗಳದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನುಡಿ ಮತ್ತು ಬರಹಗಳ ಹಳೆಯ ಕಡತಗಳು ಬಹುಮಟ್ಟಿಗೆ ಒಂದರಿಂದ ಇನ್ನೊಂದಕ್ಕೆ ಹೊಂದುತ್ತಿದ್ದವು. ಅಕ್ಷರಶೈಲಿ ಬದಲಿಸಿದರೆ ಓದಬಹುದಿತ್ತು. ಒಂದಕ್ಕೊಂದು ಅರ್ಥವಾಗುವ ಎರಡು ತಂತ್ರಾಂಶಗಳ ಬೆಂಬಲಿಗರೇ ಹೆಚ್ಚು ಕಾದಾಡಿದರು. ಪೂರ್ತಿ ಬೇರೆ ಸಂಕೇತ ಬಳಸುತ್ತಿದ್ದ ವಾಣಿಜ್ಯ ತಂತ್ರಾಂಶಗಳಲ್ಲಿ ಸಿಕ್ಕಿಕೊಂಡಿದ್ದ ಬರವಣಿಗೆಯ ಗತಿಯೇನು ಎಂದು ಕೇಳುವವರು ಕಡಿಮೆಯಿದ್ದರು.

ಗಡಿಸೀಮೆಯ ಕಣ್ಣಿನಿಂದ ನೋಡಿದರೆ ನುಡಿಯಲ್ಲಿ ಇನ್ನೊಂದು ಕೊರತೆಯಿತ್ತು. ಸರ್ಕಾರದ ಮಾನಕ ಏಕಭಾಷೆ, ದ್ವಿಭಾಷೆ ಎಂದು ಎರಡು ಬಗೆಯ ಅಕ್ಷರಕೋಶ ಗೊತ್ತುಮಾಡಿತ್ತು. ಅದರ ಎರಡನೆಯ ಭಾಷೆ ಇಂಗ್ಲಿಷ್. ಬೆಂಗಳೂರಿನ ಕಚೇರಿಗೆ ಅದು ಸಾಕು. ನಿಪ್ಪಾಣಿಯ ಸಹಕಾರಿ ಸಂಘದ ನೋಟೀಸಿಗೆ, ಕಾಗವಾಡದ ಅಂಗಡಿಯ ಫಲಕಕ್ಕೆ ಬೇಕಾಗಿದ್ದ ಎರಡನೆಯ ಭಾಷೆ ಮರಾಠಿ. ಬರಹ ತನ್ನ ಮುಂದಿನ ಆವೃತ್ತಿಗಳಲ್ಲಿ ದೇವನಾಗರಿಯನ್ನೂ ಕೊಟ್ಟಿತು, ಪುಣೆಯ ತಂತ್ರಾಂಶಗಳಂತೂ ಮೊದಲಿನಿಂದಲೇ ಕೊಟ್ಟಿದ್ದವು. ಕನ್ನಡಕ್ಕೆಂದೇ ರಾಜ್ಯ ಮಾಡಿಸಿದ ತಂತ್ರಾಂಶ ಗಡಿಯ ಕನ್ನಡಿಗರ ಪೂರ್ತಿ ಕೆಲಸಕ್ಕೆ ಒದಗಲಿಲ್ಲ. ಗಡಿಯ ಬಗ್ಗೆ ರಾಜ್ಯ ಇಷ್ಟೊಂದು ಮಾತಾಡುವಾಗ ಈ ಉಪೇಕ್ಷೆಗೆ ಸಮರ್ಥನೆ ಇಲ್ಲ.

ಯೂನಿಕೋಡ್ ಬಂದ ಮೇಲೆ

ಈ ತೊಡಕುಗಳಿಗೆ ಪರಿಹಾರ ಅಷ್ಟರಲ್ಲಾಗಲೇ ಸಿದ್ಧವಿತ್ತು. ಎಲ್ಲ ಲಿಪಿಗಳಿಗೂ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ದೇವನಾಗರಿಗೂ 128 ಸ್ಥಾನಗಳ ಒಂದೊಂದು ಖಾನೆ ಮೀಸಲಾಗಿತ್ತು. ಎರಡೂ ಇಸ್ಕಿಯ ಕ್ರಮವನ್ನೇ ಅನುಸರಿಸಿದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿ ಬಂತು. ತುಂಗಾದ ರೂಪ ಚೆನ್ನಾಗಿಲ್ಲ, ಅಚ್ಚಿಗೆ ಹೊಂದುವುದಿಲ್ಲ ಎಂದು ಅನೇಕರು ದೂರಿದರು. ಅಚ್ಚಿನ ಮಟ್ಟಿಗೆ ದೂರು ನ್ಯಾಯವೇ ಆಗಿತ್ತು, ಏಕೆಂದರೆ ಪುಟವಿನ್ಯಾಸದ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಬಹುಕಾಲ ಸರಿಯಾಗಿ ಜೋಡಿಸುತ್ತಿರಲಿಲ್ಲ. ಆದರೆ ಕಚೇರಿಯ ಪತ್ರಕ್ಕೆ, ದಾಖಲೆಗೆ, ಹುಡುಕಾಟಕ್ಕೆ ಆ ನೆಪ ಸಲ್ಲುತ್ತಿರಲಿಲ್ಲ. ಕರ್ನಾಟಕ ಸರ್ಕಾರ ಯೂನಿಕೋಡನ್ನು ಮಾನಕವೆಂದು ಆದೇಶಿಸಿದ್ದು 2012ರಲ್ಲಿ, ಚಿದಾನಂದ ಗೌಡರ ನೇತೃತ್ವದ ತಂತ್ರಾಂಶ ಸಮಿತಿಯ ಕೆಲಸದ ಕಾಲದಲ್ಲಿ. ನಡುವಿನ ಹತ್ತು ವರ್ಷಕ್ಕೂ ಮೇಲ್ಪಟ್ಟ ಅವಧಿಯಲ್ಲಿ ಕಚೇರಿಗಳಲ್ಲಿ, ಅಚ್ಚುಮನೆಗಳಲ್ಲಿ ರಾಶಿಬಿದ್ದ ಕನ್ನಡ ಹಳೆಯ ಸಂಕೇತದಲ್ಲೇ ಉಳಿಯಿತು. ಯಾವ ಅಕ್ಷರಶೈಲಿ ಯಾರದೆಂಬ ವಾದಕ್ಕೆ ಹಾಕಿದ ಶಕ್ತಿಯ ಒಂದು ಪಾಲು ಈ ಬದಲಾವಣೆಗೆ ಬಿದ್ದಿದ್ದರೆ ಅಷ್ಟು ತಡವಾಗುತ್ತಿರಲಿಲ್ಲ.

ಆ ವರ್ಷಗಳಲ್ಲೇ ರೈತರ ದಾಖಲೆಗಳೂ ಗಣಕಕ್ಕೆ ಬಂದದ್ದನ್ನು ನೆನೆಯಬೇಕು. 2001ರ ಭೂಮಿ ಯೋಜನೆಯಿಂದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ತಾಲ್ಲೂಕು ಕಚೇರಿಯ ಗಣಕ ಸೇರಿ, 15 ರೂಪಾಯಿಗೆ ಒಂದು ಪ್ರತಿ ಸಿಗುವಂತಾಯಿತು. ಈ ಭಾಗದಲ್ಲಿ ಪಹಣಿಗೆ ಉತಾರ ಎನ್ನುತ್ತಾರೆ. ಗಡಿಯಾಚೆ ಹೊಲ ಇದ್ದವರ ಕೈಯಲ್ಲಿ ಅದರ ಜತೆಗೆ ಮಹಾರಾಷ್ಟ್ರದ ಪಹಣಿಯಾದ ಸಾತ್‌ಬಾರಾ ಕೂಡ ಇರುತ್ತದೆ. ಗಣಕದಲ್ಲಿ ತನ್ನ ಹೆಸರು ಸರಿಯಾಗಿ ಮೂಡಬೇಕೆಂಬ ಒತ್ತಾಯ ಹಳ್ಳಿಯವರಿಗೆ ಹುಟ್ಟಿದ್ದು ಇಂಥ ಕಾಗದಗಳಿಂದ.

ಯೂನಿಕೋಡ್ ಒಳಗೂ ವಾದ ನಿಲ್ಲಲಿಲ್ಲ. ರ್ಯ ಎಂದು ಅರ್ಕಾವೊತ್ತು ಹಾಕುವುದೂ ರ‍್ಯಾಂಕ್ ಎಂಬಲ್ಲಿ ರ ಕೆಳಗೆ ಯ ಒತ್ತು ಕೊಡುವುದೂ ಬೇರೆಬೇರೆ. ಎರಡನೆಯದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತವನ್ನು ನಡುವೆ ಸೇರಿಸಬೇಕು. ಇದು ಕನ್ನಡದ್ದೇ ತೊಡಕೆಂದು ಬಹಳ ಜನ ತಿಳಿದಿದ್ದಾರೆ. ಮರಾಠಿಯಲ್ಲೂ ಇದಿದೆ: ದರ್ಯಾ ಎಂದರೆ ಸಮುದ್ರ, ದರ‍್ಯಾ ಎಂದರೆ ಕಣಿವೆಗಳು, ಒಂದಕ್ಕೆ ಮೇಲೆ ಹಾರುವ ರೇಫ, ಇನ್ನೊಂದಕ್ಕೆ ರೆಪ್ಪೆಯಾಕಾರದ ರ. ಎರಡೂ ಭಾಷೆ ಬರೆಯುವ ಬೆರಳಚ್ಚುಗಾರ ಈ ತೊಡಕನ್ನು ಎರಡು ಲಿಪಿಯಲ್ಲೂ ಎದುರಿಸುತ್ತಾನೆ. ತಂತ್ರಾಂಶವೊಂದು ಒಳ್ಳೆಯದೆ ಎಂದು ಪರೀಕ್ಷಿಸಲು ಇಷ್ಟು ಚಿಕ್ಕ, ಇಷ್ಟು ಖಚಿತವಾದ ಒರೆಗಲ್ಲು ಸಿಗುವುದು ಕಷ್ಟ.

ಕೈಯೊಳಗಿನ ಕನ್ನಡ

ಮೊಬೈಲಿನ ವಾದದಲ್ಲಿ ಕ್ಯಾಮೆರಾ, ಬ್ಯಾಟರಿ, ಬೆಲೆಗಳ ಮಾತು ಎಲ್ಲ ಊರಿನಂತೆ ಇಲ್ಲೂ ಇದೆ. 2017ರ ಕೊನೆಗೆ ಭಾರತದ ಸ್ಮಾರ್ಟ್‌ಫೋನ್ ಪೇಟೆಯಲ್ಲಿ ಶಿಯೋಮಿ ಸ್ಯಾಮ್‌ಸಂಗನ್ನು ಹಿಂದಿಕ್ಕಿದಾಗ ಚಹಾದಂಗಡಿಯ ಮಾತೂ ಅದೇ ದಿಕ್ಕಿಗೆ ಹೊರಳಿತು. ಅದರ ವಿವರಕ್ಕೆ ಇಲ್ಲಿ ಹೋಗಬೇಕಿಲ್ಲ. "ನಿನ್ನ ಸೆಟ್ಟಿನ್ಯಾಗ ಕನ್ನಡ ಬರತೈತೇನು?" ಎಂಬ ಪ್ರಶ್ನೆಗೆ ಮಾತ್ರ ಒಂದು ಇತಿಹಾಸವಿದೆ. ಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು. ಒಪೇರಾ ಮಿನಿ ಬ್ರೌಸರಿನ ಒಳಸೆಟ್ಟಿಂಗಿಗೆ ಹೋಗಿ ಕ್ಲಿಷ್ಟ ಲಿಪಿಗಳನ್ನು ಚಿತ್ರವಾಗಿ ತೋರಿಸುವಂತೆ ಬದಲಿಸಿಕೊಂಡು ಕನ್ನಡ ಓದುತ್ತಿದ್ದ ಕಾಲವದು. 2012ರ ಜೆಲ್ಲಿಬೀನ್ ಆವೃತ್ತಿಯಿಂದ ಆಂಡ್ರಾಯ್ಡ್ ಕನ್ನಡವನ್ನು ತಾನೇ ಜೋಡಿಸತೊಡಗಿತು. ಆ್ಯಪಲ್ ಯಂತ್ರಗಳ ಕನ್ನಡ ಅಕ್ಷರಶೈಲಿ ಮಲೇಶಿಯಾದ ತಮಿಳು ವಿನ್ಯಾಸಕ ಮುತ್ತು ನೆಡುಮಾರನ್ ಅವರದು, ಅದರ ಹೆಸರಿನ ಕೊನೆಯ ಎಂ, ಎನ್ ಎಂಬ ಎರಡಕ್ಷರ ಅವರ ಹೆಸರಿನ ಮೊದಲಕ್ಷರಗಳೇ. ಐಫೋನಿಗೆ ಕಂಪನಿಯದೇ ಕನ್ನಡ ಕೀಲಿಮಣೆ ಬಂದದ್ದು 2017ರ ಐಓಎಸ್ 11ರಲ್ಲಿ. ಅಷ್ಟು ದುಬಾರಿ ಫೋನು ಅಷ್ಟು ವರ್ಷ ಕನ್ನಡವನ್ನು ಕಾಯಿಸಿದ್ದನ್ನು ಕನ್ನಡಿಗರು ಇನ್ನೂ ಗಟ್ಟಿಯಾಗಿ ಕೇಳಬೇಕಾಗಿತ್ತು. 1500 ರೂಪಾಯಿ ಠೇವಣಿಗೆ ಸಿಕ್ಕ ಜಿಯೊಫೋನ್ ಅದೇ ವರ್ಷ 22 ಭಾರತೀಯ ಭಾಷೆಗಳೊಂದಿಗೆ ಬಂತು.

ಕಂಪನಿಗಳ ಗುಣಾವಗುಣವನ್ನು ಕನ್ನಡದಲ್ಲೇ ತೂಗುವ ಬರವಣಿಗೆ ಬೆಳೆದದ್ದು ಇದೇ ಅವಧಿಯಲ್ಲಿ. 1996ರಲ್ಲಿ ವಿಶ್ವಕನ್ನಡ ಎಂಬ ಮೊದಲ ಅಂತರ್ಜಾಲ ಕನ್ನಡ ಪತ್ರಿಕೆಯನ್ನು ನಡೆಸಿದ ಯು. ಬಿ. ಪವನಜ 2010ರ ದಶಕದಲ್ಲಿ ಕನ್ನಡಪ್ರಭದಲ್ಲಿ ಗ್ಯಾಜೆಟ್ ಲೋಕ ಅಂಕಣ ಬರೆದರು. ಫೋನಿನ ಗುಣಗಳ ಜತೆಗೆ ಅದರಲ್ಲಿ ಕನ್ನಡದ ತೋರಿಕೆ ಸರಿಯಿದೆಯೆ, ಕೀಲಿಮಣೆ ಇದೆಯೆ ಎಂದು ಹೇಳುವುದನ್ನು ಅವರು ಪದ್ಧತಿಯಾಗಿ ಮಾಡಿದರು. ಟಿ. ಜಿ. ಶ್ರೀನಿಧಿ ಅವರ ಇಜ್ಞಾನ ಜಾಲತಾಣ 2007ರಿಂದ ತಂತ್ರಜ್ಞಾನವನ್ನು ತಿಳಿಗನ್ನಡದಲ್ಲಿ ವಿವರಿಸುತ್ತ ಬಂದಿದೆ. ಇಂಗ್ಲಿಷ್ ವಿಮರ್ಶಕ ಕೇಳದ ಪ್ರಶ್ನೆಯನ್ನು ಇಂಥ ಬರಹಗಾರರು ಕೇಳಿದ್ದರಿಂದಲೇ ಕೊಳ್ಳುವವರಿಗೂ ಅದು ಕೇಳಬೇಕಾದ ಪ್ರಶ್ನೆ ಎಂದು ತಿಳಿಯಿತು.

ಇಂದು ಗೂಗಲ್ ಕೀಲಿಮಣೆಯ ಸ್ಪೇಸ್ ಪಟ್ಟಿಯನ್ನು ಒತ್ತಿಹಿಡಿದರೆ ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಕನ್ನಡಕ್ಕೆ ದಾಟಬಹುದು. ಟೈಪಿಸಲು ಬಾರದವರು ಮಾತಾಡಿ ಬರೆಸುತ್ತಾರೆ. ಆದರೆ ಮಾತು ಗುರುತಿಸುವ ಯಂತ್ರಕ್ಕೆ ಸಾಮಾನ್ಯವಾಗಿ ಭಾಷೆ ಯಾವುದೆಂದು ಮೊದಲೇ ಹೇಳಬೇಕು. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿ, "ಬರಾಬರ್ ಐತಿ", "ಖರೇ ಅಂದ್ರ" ಎಂದು ಆಡುವ ಗಡಿಯ ಮಾತಿನ ಮುಂದೆ ಅದು ಎಡವುತ್ತದೆ. ಮುಂದಿನ ವಾದ ಇಲ್ಲಿಂದಲೇ ಹುಟ್ಟಬೇಕು. ಪಠ್ಯಪುಸ್ತಕದ ಕನ್ನಡವನ್ನಷ್ಟೇ ಬಲ್ಲ ಯಂತ್ರವನ್ನು ಕನ್ನಡ ಬಲ್ಲ ಯಂತ್ರವೆಂದು ಒಪ್ಪಿಕೊಳ್ಳಬಾರದು.

ಹಳೆಯ ಕಡತಗಳು

ನುಡಿ, ಬರಹಗಳ ಹಳೆಯ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಈಗ ಸುಲಭವಾಗಿ ಸಿಗುತ್ತವೆ. ಉಳಿದ ತಂತ್ರಾಂಶಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಕೋಷ್ಟಕ ಬೇಕು. ಗಡಿಸೀಮೆಯ ಡಿಟಿಪಿ ಕಡತಗಳಿಗೆ ಅದೂ ಸಾಲದು. ಎರಡು ಭಾಷೆಯ ಹಾಳೆಯಲ್ಲಿ ಒಂದೇ ಸಂಕೇತಸಂಖ್ಯೆ ಕನ್ನಡ ಅಕ್ಷರಶೈಲಿ ಹಾಕಿದ ಕಡೆ ಕನ್ನಡದ ತುಂಡು, ದೇವನಾಗರಿ ಹಾಕಿದ ಕಡೆ ಮರಾಠಿಯ ತುಂಡು. ಪಠ್ಯವನ್ನಷ್ಟೇ ನಕಲಿಸಿ ತೆಗೆದರೆ ಯಾವುದು ಯಾವ ಭಾಷೆಯದೆಂಬ ಗುರುತು ಅಳಿಸಿಹೋಗುತ್ತದೆ, ಮತ್ತೆ ಬೇರ್ಪಡಿಸಲು ಓದಬಲ್ಲ ಮನುಷ್ಯನೇ ಬೇಕು. ಸಹಕಾರಿ ಸಂಘಗಳ ವಾರ್ಷಿಕ ವರದಿ, ಜಾತ್ರೆಯ ಕರಪತ್ರ, ಸ್ಥಳೀಯ ಕವಿಗಳ ಪುಸ್ತಕಗಳ ಇಂಥ ಕಡತಗಳು ಮುದ್ರಕರ ಹಳೆಯ ಗಣಕಗಳಲ್ಲಿ ಇದ್ದರೆ ಮೂಲ ರೂಪದಲ್ಲೇ, ಅಕ್ಷರಶೈಲಿಯ ಕಡತದ ಸಮೇತ ತೆಗೆದಿಡಬೇಕು. ಅಚ್ಚಾದ ಒಂದು ಪ್ರತಿಯನ್ನೂ ಜತೆಗಿಟ್ಟರೆ ಮುಂದೆ ಪರಿವರ್ತಿಸುವವರು ತಾಳೆ ನೋಡಿ ತಪ್ಪು ತಿದ್ದಬಹುದು. ಹಾರ್ಡ್ ಡಿಸ್ಕ್‌ಗಳು ಕೆಟ್ಟುಹೋಗುವ ಮುಂಚೆ ಈ ಕೆಲಸವನ್ನು ಇಲ್ಲಿನ ಕಾಲೇಜುಗಳು, ಗ್ರಂಥಾಲಯಗಳು ಕೈಗೆತ್ತಿಕೊಳ್ಳಬೇಕಾಗಿದೆ.